ತುಣುಕು ಉಳಿಯಿತು, ಹೆಸರು ಅಳಿಯಿತು

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯಲ್ಲಿ ಅರಸಾಳು ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಸುತ್ತ ಮಲೆನಾಡಿನ ಹಸಿರು. ಗಡಿಬಿಡಿಯ ಸುಳಿವೇ ಇಲ್ಲದ ಜಾಗ. ಅಲ್ಲಿದ್ದ ಬ್ರಿಟಿಷರ ಕಾಲದ ಹಳೆಯ ಕಟ್ಟಡವನ್ನು ರೈಲ್ವೆಯವರು ಕೆಲವು ವರ್ಷಗಳ ಹಿಂದೆ ರಿಪೇರಿ ಮಾಡಿ, ಅದನ್ನೊಂದು ವಸ್ತುಸಂಗ್ರಹಾಲಯವಾಗಿ ಮಾಡಿದರು. ಬಾಗಿಲ ಮೇಲೆ ಹಾಕಿದ ಹೆಸರು ಅರಸಾಳಿನದಲ್ಲ, ಮಾಲ್ಗುಡಿಯದು. ಯಾವ ಭೂಪಟದಲ್ಲೂ ಇಲ್ಲದ ಊರಿನ ನೆನಪಿಗೆ ನಿಜವಾದ ನಿಲ್ದಾಣವೊಂದು ಜಾಗ ಬಿಟ್ಟುಕೊಟ್ಟಿತು. ಅದಕ್ಕೆ ಕಾರಣ ಇಷ್ಟೇ: 1980ರ ದಶಕದಲ್ಲಿ ಶಂಕರ್ ನಾಗ್ ತಮ್ಮ ತಂಡ ಕಟ್ಟಿಕೊಂಡು ಬಂದು, ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳನ್ನು ಇಲ್ಲಿ ಚಿತ್ರಿಸಿಕೊಂಡು ಹೋದರು.

ಟೀವಿಯ ವಿಷಯದಲ್ಲಿ ಜನರ ನೆನಪು ಕೆಲಸ ಮಾಡುವ ರೀತಿ ವಿಚಿತ್ರ. ಇಡೀ ಕತೆ ಮರೆತುಹೋಗಿರುತ್ತದೆ. ಯಾವ ಕಂತಿನಲ್ಲಿ ಏನಾಯಿತು, ಯಾರು ಯಾರಿಗೆ ಏನಾಗಬೇಕು ಎಂದು ಕೇಳಿದರೆ ಉತ್ತರವಿಲ್ಲ. ಆದರೆ ಶೀರ್ಷಿಕೆಯ ಹೊತ್ತಿಗೆ ಬರುತ್ತಿದ್ದ ಒಂದು ಗುನುಗು, ವಾರ್ತೆ ಓದುವಾಕೆಯ ಮುಡಿಯಲ್ಲಿದ್ದ ಒಂದು ಗುಲಾಬಿ, ಪ್ರಸಾರ ನಿಂತಾಗ ತೆರೆಯ ಮೇಲೆ ಮೂಡುತ್ತಿದ್ದ ವಿಷಾದದ ಫಲಕ ಮಾತ್ರ ಹಾಗೇ ಇರುತ್ತವೆ. ನಲವತ್ತು ವರ್ಷ ಕಳೆದರೂ ಬಣ್ಣ ಮಾಸುವುದಿಲ್ಲ. ಹೀಗೆ ಉಳಿದ ಚೂರುಗಳನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಒಂದೊಂದು ಚೂರಿನ ಹಿಂದೆಯೂ ಒಬ್ಬ ಕುಶಲಿಯ ಕೈ ಇದೆ. ನೆನಪು ಚೂರನ್ನು ಹಿಡಿದಿಟ್ಟುಕೊಂಡು, ಆ ಕೈಯನ್ನು ಬಿಟ್ಟುಬಿಟ್ಟಿದೆ.

ಮಾಲ್ಗುಡಿಯನ್ನೇ ನೋಡೋಣ. ಆ ಧಾರಾವಾಹಿಯ ಶೀರ್ಷಿಕೆಯ ರಾಗವನ್ನು ಮಾತಿಲ್ಲದೆ, ಬರೀ ಬಾಯಿಸ್ವರದಲ್ಲಿ ಗುನುಗಬಲ್ಲವರು ಲಕ್ಷಗಟ್ಟಲೆ ಇದ್ದಾರೆ. ಅದನ್ನು ಸಂಯೋಜಿಸಿದವರು ಎಲ್. ವೈದ್ಯನಾಥನ್ ಎಂದು ಹೇಳಬಲ್ಲವರು ಬೆರಳೆಣಿಕೆ. ರಾಗದ ಜೊತೆಗೆ ತೆರೆಯ ಮೇಲೆ ಮೂಡುತ್ತಿದ್ದ ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು, ಕತೆ ಬರೆದ ಆರ್.ಕೆ. ನಾರಾಯಣ್ ಅವರ ತಮ್ಮ. ಅಣ್ಣ ಕಟ್ಟಿದ ಊರಿಗೆ ತಮ್ಮನೇ ಗೆರೆ ಎಳೆದದ್ದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಎಲ್ಲರಿಗೂ ನೆನಪಿದ್ದಾನೆ. ಅವನ ಅಪ್ಪನಾಗಿ ಗಿರೀಶ ಕಾರ್ನಾಡರು, ಅಮ್ಮನಾಗಿ ವೈಶಾಲಿ ಕಾಸರವಳ್ಳಿ ಇದ್ದರು. ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕತೆಯಲ್ಲಿ ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಅಪ್ಪನಾಗಿ ಬಂದವರು ವಿಷ್ಣುವರ್ಧನ್. ಆ ಕಾಲಕ್ಕೆ ಕನ್ನಡ ಚಿತ್ರರಂಗದ ದೊಡ್ಡ ನಾಯಕನಟ. ಕಿರುತೆರೆಯ ಒಂದು ಸಣ್ಣ ಕಂತಿಗಾಗಿ ಬಡ ಗುಮಾಸ್ತನ ಅಂಗಿ ತೊಟ್ಟರು. ಮಿಠಾಯಿ ಮಾರುವ ಜಗನ್ ಆದವರು ಅನಂತ್ ನಾಗ್. ನಿರ್ಮಾಪಕರು ಟಿ.ಎಸ್. ನರಸಿಂಹನ್. ಆಗುಂಬೆಯ ಬೀದಿಯನ್ನು ಮಾಲ್ಗುಡಿಯಾಗಿ ಮಾರ್ಪಡಿಸಿ, ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ನಿಲ್ಲಿಸಿದವರು ಕಲಾನಿರ್ದೇಶಕ ಜಾನ್ ದೇವರಾಜ್.

ಇಷ್ಟೆಲ್ಲ ಕನ್ನಡದ ಮುಖಗಳು, ಕನ್ನಡದ ನೆಲ, ಕನ್ನಡದ ಮಳೆ. ಆದರೆ ಧಾರಾವಾಹಿ ಮೂಲತಃ ತಯಾರಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಎಷ್ಟೋ ಮಂದಿ ಹಳಬರಿಗೆ ಈ ಸಂಗತಿಯೇ ಮರೆತುಹೋಗಿದೆ. ಅವರ ತಲೆಯೊಳಗೆ ಸ್ವಾಮಿ ಕನ್ನಡದಲ್ಲೇ ಮಾತಾಡುತ್ತಾನೆ. ಆಗುಂಬೆಯ ದೊಡ್ಡಮನೆಯ ಜಗಲಿಯಲ್ಲಿ ಕೂತ ಹುಡುಗ ಬೇರೆ ಭಾಷೆ ಆಡಿರಲು ಸಾಧ್ಯ ಎಂದು ಮನಸ್ಸು ಒಪ್ಪುವುದಿಲ್ಲ.

ಮಾಲ್ಗುಡಿಯ ಹೆಸರಿಗೇ ಅಂಟಿಕೊಂಡ ಇನ್ನೊಂದು ಮಾತಿದೆ. ಬೆಂಗಳೂರಿನ ಮಲ್ಲೇಶ್ವರದ ಮೊದಲ ಅಕ್ಷರಗಳನ್ನೂ ಬಸವನಗುಡಿಯ ಕೊನೆಯ ಅಕ್ಷರಗಳನ್ನೂ ಜೋಡಿಸಿ ನಾರಾಯಣ್ ಈ ಹೆಸರು ಮಾಡಿದರು ಎಂಬುದು. ಕೇಳಲು ಸೊಗಸು, ಬೆಂಗಳೂರಿಗರಿಗೆ ಹೆಮ್ಮೆ. ಆದರೆ ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡದ್ದು ಬೇರೆ. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ಒಂದು ನೋಟ್‌ಬುಕ್ ಕೊಂಡುತಂದು ಬರೆಯಲು ಕೂತಾಗ, ಪುಟ್ಟ ರೈಲು ನಿಲ್ದಾಣವೊಂದರ ಜೊತೆಗೇ ಮಾಲ್ಗುಡಿ ಅವರ ಕಣ್ಣೆದುರು ತೇಲಿಬಂತು. ಮೊದಲು ಕಂಡದ್ದು ನಿಲ್ದಾಣ. ತೊಂಬತ್ತು ವರ್ಷಗಳ ಮೇಲೆ ಅರಸಾಳಿನ ನಿಲ್ದಾಣಕ್ಕೇ ಮಾಲ್ಗುಡಿಯ ಹೆಸರು ಬಂದದ್ದು ಯಾರೂ ಹೂಡಿದ ಯೋಜನೆಯಲ್ಲ. ಆದರೂ ಎಷ್ಟು ಸರಿಯಾಗಿ ಕೂಡಿಕೊಂಡಿದೆ!

ಈ ಭಾಷಣ ಬಾನುಲಿಯದ್ದಾದ್ದರಿಂದ ರಾಗಗಳ ಮಾತನ್ನು ಇನ್ನಷ್ಟು ಮುಂದುವರಿಸಬಹುದು. ದೂರದರ್ಶನದ ಆ ತಿರುಗುವ ಕಣ್ಣು, ಅದರ ಹಿಂದೆ ಹರಿದು ಬರುವ ನಾದ ಯಾರಿಗೆ ಮರೆತೀತು? ಎರಡು ಬಾಗಿದ ರೇಖೆಗಳು ಸುತ್ತುತ್ತ ಬಂದು ಗೋಲವೊಂದರ ಸುತ್ತ ನಿಲ್ಲುತ್ತಿದ್ದವು. ಅದನ್ನು ಬಿಡಿಸಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಆಗ ವಿದ್ಯಾರ್ಥಿಯಾಗಿದ್ದ ದೇವಾಶಿಸ್ ಭಟ್ಟಾಚಾರ್ಯ. ತರಗತಿಯ ಕೆಲಸವಾಗಿ ಮಾಡಿದ ಚಿತ್ರವದು. ಹಲವು ವಿನ್ಯಾಸಗಳ ನಡುವಿನಿಂದ ಅದನ್ನು ಆರಿಸಿದವರು ಪ್ರಧಾನಿ ಇಂದಿರಾ ಗಾಂಧಿ. ನಾದ ಸಂಯೋಜಿಸಿದವರು ಪಂಡಿತ್ ರವಿಶಂಕರ್, ಅವರ ಜೊತೆ ಶಹನಾಯಿ ವಾದಕ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್. 1976ರ ಏಪ್ರಿಲ್ 1ರಂದು ದೂರದರ್ಶನ ಆಕಾಶವಾಣಿಯಿಂದ ಬೇರೆಯಾಗಿ ತನ್ನದೇ ಮನೆ ಹೂಡಿತು. ಈ ಕಣ್ಣು, ಈ ನಾದ ಆ ಹೊಸ ಮನೆಯ ಹೊಸ್ತಿಲಲ್ಲಿ ನಿಂತವು. ಕೋಟ್ಯಂತರ ಮನೆಗಳಲ್ಲಿ ಪ್ರತಿ ಸಂಜೆ ಮೂಡಿದ ಆ ಚಿತ್ರದ ಕೆಳಗೆ ಆ ವಿದ್ಯಾರ್ಥಿಯ ಹೆಸರು ಒಮ್ಮೆಯೂ ಬರಲಿಲ್ಲ.

ಆಕಾಶವಾಣಿಯ ಬೆಳಗಿನ ನಾದದ ಕತೆಯಂತೂ ಇನ್ನೂ ದೂರದ್ದು. ಅದನ್ನು ರಚಿಸಿದವರು ವಾಲ್ಟರ್ ಕಾಫ್‌ಮನ್. ಹಿಟ್ಲರನ ಕಾಟಕ್ಕೆ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ ಯೆಹೂದಿ ಸಂಗೀತಗಾರ. ಮುಂಬಯಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾಗಿದ್ದವರು. ನೆಲೆ ಕಳೆದುಕೊಂಡು ಬಂದವನೊಬ್ಬ ಶಿವರಂಜಿನಿಯ ನೆರಳಿನಲ್ಲಿ ಹೆಣೆದ ಆ ಸ್ವರಗಳಿಗೆ ಈ ದೇಶದ ಹಳ್ಳಿಹಳ್ಳಿಯೂ ಕಣ್ಣು ತೆರೆಯಿತು. ಇನ್ನು ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಕೊಡುಗೆ. 1935ರ ಸೆಪ್ಟೆಂಬರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಾಗ ಆ ಹೆಸರು ಹುಟ್ಟಿತು. ಅದರ ಜೊತೆ ನಮ್ಮ ಹಾಸ್ಯ ಲೇಖಕ ನಾ. ಕಸ್ತೂರಿಯವರ ಹೆಸರೂ ಸೇರಿಕೊಂಡಿದೆ. ಇಡೀ ದೇಶ ಅದನ್ನು ತನ್ನದಾಗಿಸಿಕೊಂಡದ್ದು ಎರಡು ದಶಕ ಕಳೆದ ಮೇಲೆ.

ಟೀವಿ ಕರ್ನಾಟಕಕ್ಕೆ ಮೊದಲು ಬಂದದ್ದು ಎಲ್ಲಿಗೆ? ಈ ಪ್ರಶ್ನೆಗೆ ಹತ್ತರಲ್ಲಿ ಒಂಬತ್ತು ಮಂದಿ ಬೆಂಗಳೂರು ಎಂದೇ ಹೇಳುತ್ತಾರೆ. ನಿಜವಾದ ಉತ್ತರ ಕಲಬುರಗಿ, ವಿಜಯಪುರ, ರಾಯಚೂರು ಸೀಮೆಯ ಹಳ್ಳಿಗಳು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಪೆಟ್ಟಿಗೆ ಬಂತು. ಕಾರ್ಯಕ್ರಮಗಳ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. ಆಂಟೆನಾ ಎಂದರೆ ಸುಮಾರು ಹತ್ತು ಅಡಿ ಅಗಲದ, ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯ ಬಟ್ಟಲು. ಊರಿನವರು ಸಾರ್ವಜನಿಕ ಜಾಗದಲ್ಲಿ ಗುಂಪುಗೂಡಿ ಕೂತು ಬೇಸಾಯ, ಆರೋಗ್ಯ, ಶಾಲೆಯ ಪಾಠ ನೋಡಿದರು. ಅಂಥದೇ ಒಂದು ಬಟ್ಟಲನ್ನು ಇಸ್ರೋ ಎಂಜಿನಿಯರುಗಳು ಕೊಲಂಬೋದಲ್ಲಿ ವಿಜ್ಞಾನ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಕೂರಿಸಿಕೊಟ್ಟರು. ಭೂಮಿಯೊಂದಿಗೆ ಸಮನಾಗಿ ಸುತ್ತುವ ಉಪಗ್ರಹದ ಮೂಲಕ ಸಂದೇಶ ಕಳಿಸಬಹುದೆಂದು 1945ರಲ್ಲೇ ಬರೆದಿದ್ದವರು ಅವರು. ರಾಯಚೂರಿನ ರೈತ, ಕೊಲಂಬೋದ ಕ್ಲಾರ್ಕ್, ಇಬ್ಬರಿಗೂ ಒಂದೇ ಉಪಗ್ರಹದ ಚಿತ್ರ. ಬೆಂಗಳೂರಿನ ಮನೆಗಳ ಮೇಲೆ ಆಂಟೆನಾ ಎದ್ದದ್ದು 1980ರ ದಶಕ ಹುಟ್ಟಿದ ಮೇಲೆ. ಉತ್ತರ ಕರ್ನಾಟಕ ಎಲ್ಲದರಲ್ಲೂ ಹಿಂದೆ ಎಂದು ಬರೆಯುವವರು ಈ ಒಂದು ಸಾಲನ್ನು ಬರೆಯಲು ಮರೆಯುತ್ತಾರೆ. ಆ ಹಳ್ಳಿಗಳ ಹಿರಿಯರಿಗೆ ತಂತಿಬಲೆಯ ಬಟ್ಟಲಿನ ನೆನಪಿದೆ. ಅವರನ್ನು ಕೂರಿಸಿ ಕೇಳಿದವರು ಕಡಿಮೆ.

ಚೂರುಗಳು ಇಷ್ಟು ಗಟ್ಟಿಯಾಗಿ ಅಂಟಲು ಕಾರಣವೇನು? ಮೊದಲ ಕಾರಣ ಸರಳ. ಇದ್ದದ್ದು ಒಂದೇ ವಾಹಿನಿ, ಎಲ್ಲರೂ ಒಂದೇ ಹೊತ್ತಿಗೆ ನೋಡಬೇಕು, ತಪ್ಪಿದರೆ ತಪ್ಪಿತು. 1984ರ ಜುಲೈ 7ರಂದು ಶುರುವಾದ ‘ಹಮ್ ಲೋಗ್’ 156 ಕಂತು ಓಡಿತು. ‘ರಾಮಾಯಣ’ 1987ರ ಜನವರಿ 25ರಿಂದ ಮರುವರ್ಷದ ಜುಲೈ 31ರವರೆಗೆ ಭಾನುವಾರದ ಬೆಳಗುಗಳನ್ನು ಆಳಿತು. ‘ಮಹಾಭಾರತ’ ಬಂದದ್ದು 1988ರ ಗಾಂಧಿ ಜಯಂತಿಯಂದು. ಆ ಮಹಾಭಾರತದ ಯುದ್ಧದ ದೃಶ್ಯಗಳು ಮಸುಕಾದವರಿಗೂ ‘ಸಮಯ’ದ ದನಿ ಕಿವಿಯಲ್ಲಿದೆ. ಕಾಲವೇ ಕತೆ ಹೇಳಲಿ ಎಂದು ಬರೆದವರು ರಾಹಿ ಮಾಸೂಮ್ ರಜಾ. ಮುಖವಿಲ್ಲದ ಆ ದನಿ ಹರೀಶ್ ಭಿಮಾನಿಯವರದು. ಅದೇ ವರ್ಷ ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ಬಂತು. ಅದರ ಶೀರ್ಷಿಕೆಯಲ್ಲಿ ಮೈ ಜುಮ್ಮೆನ್ನಿಸುವಂತೆ ಮೊಳಗುತ್ತಿದ್ದುದು ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ಮತ್ತು ಅದರ ಹಿಂದಿ ರೂಪ. ಸೃಷ್ಟಿಗೆ ಮುಂಚೆ ಏನಿತ್ತು ಎಂಬ ಮಹಾಪ್ರಶ್ನೆಯನ್ನು ಕೇಳುವ ಸೂಕ್ತವದು. ವನರಾಜ್ ಭಾಟಿಯಾ ಅದಕ್ಕೆ ಸ್ವರ ಕೂಡಿಸಿದ್ದರು. ಅರ್ಥ ತಿಳಿಯದ ಶಾಲೆಯ ಹುಡುಗರೂ ಆ ಘೋಷವನ್ನು ಅನುಕರಿಸುತ್ತಿದ್ದರು. ಮೂರು ಸಾವಿರ ವರ್ಷದ ಮಾತೊಂದು ಹೀಗೆ ಟೀವಿಯ ಬೆನ್ನೇರಿ ಮನೆಯೊಳಗೆ ಬಂದದ್ದು ಸಾಮಾನ್ಯ ಸಂಗತಿಯಲ್ಲ.

ಎರಡನೆಯ ಕಾರಣ ಮತ್ತೆಮತ್ತೆ ಬರುವುದು. ಧಾರಾವಾಹಿ ವಾರಕ್ಕೊಮ್ಮೆ, ಜಾಹೀರಾತು ದಿನಕ್ಕೆ ಹಲವು ಸಲ. ದೂರದರ್ಶನ ಜಾಹೀರಾತುಗಳಿಗೆ ಬಾಗಿಲು ತೆರೆದದ್ದು 1976ರಲ್ಲಿ. ನಿರ್ಮಾ ಪುಡಿಯ ಬಿಳಿ ಫ್ರಾಕಿನ ಹುಡುಗಿ ಸುತ್ತು ಹಾಕಿದ್ದನ್ನು ನೋಡದವರಿಲ್ಲ. ಆ ಹೆಸರು ಬಂದದ್ದು ಕಂಪನಿ ಕಟ್ಟಿದ ಕರ್ಸನ್‌ಭಾಯ್ ಪಟೇಲರ ಮಗಳು ನಿರುಪಮಾಳಿಂದ. ಆಕೆ ಎಳೆಯ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡಳು. ನಗುನಗುತ್ತ ತಿರುಗುವ ಆ ಚಿತ್ರದ ಹಿಂದೆ ಒಬ್ಬ ತಂದೆಯ ದುಃಖವಿದೆ ಎಂದು ತಿಳಿದ ಮೇಲೆ ಹಾಡು ಮೊದಲಿನ ಹಾಗೆ ಕೇಳಿಸುವುದಿಲ್ಲ. ನಿರ್ಮಾದ ಅಗ್ಗದ ಬೆಲೆಗೆ ಸರ್ಫ್ ಮಾರುಕಟ್ಟೆ ಕಳೆದುಕೊಳ್ಳತೊಡಗಿದಾಗ ಆಲೀಕ್ ಪದಂಸಿ ಸೃಷ್ಟಿಸಿದ ಪಾತ್ರ ಲಲಿತಾಜಿ. ಪೈಸೆಪೈಸೆಗೂ ಚೌಕಾಸಿ ಮಾಡುವ, ಆದರೆ ಒಳ್ಳೆಯ ವಸ್ತುವಿಗೆ ಹಣ ಕೊಡಲು ಹಿಂಜರಿಯದ ತಮ್ಮ ತಾಯಿಯನ್ನು ನೋಡಿಯೇ ಆ ಪಾತ್ರ ಕಟ್ಟಿದೆನೆಂದು ಪದಂಸಿ ಹೇಳುತ್ತಿದ್ದರು. ಲಲಿತಾಜಿಯಾದ ಕವಿತಾ ಚೌಧರಿಯೇ ಮುಂದೆ ‘ಉಡಾನ್’ ಧಾರಾವಾಹಿ ಬರೆದು, ನಿರ್ದೇಶಿಸಿ, ಪೊಲೀಸ್ ಅಧಿಕಾರಿಯಾಗಿ ನಟಿಸಿದರು. ಅದಕ್ಕೆ ಪ್ರೇರಣೆ ಅವರ ಅಕ್ಕ, ಐ.ಪಿ.ಎಸ್. ಅಧಿಕಾರಿ ಕಾಂಚನ್ ಚೌಧರಿ ಭಟ್ಟಾಚಾರ್ಯ. ಸಾಬೂನಿನ ಪುಡಿ ಮಾರಿದ ಮುಖವೇ ಒಂದು ಪೀಳಿಗೆಯ ಹೆಣ್ಣುಮಕ್ಕಳಿಗೆ ಖಾಕಿಯ ಕನಸು ಹಚ್ಚಿತು.

ಒಂದು ಜಲಪಾತದ ಸಂಗತಿಯನ್ನೂ ಇಲ್ಲೇ ಹೇಳಬೇಕು. ಕೊಡೈಕನಾಲಿನ ಪಾಂಬಾರ್ ಜಲಪಾತವನ್ನು ಜನ ಲಿರಿಲ್ ಜಲಪಾತ ಎಂದೇ ಕರೆಯುತ್ತಾರೆ. 1975ರ ಲಿರಿಲ್ ಸೋಪಿನ ಜಾಹೀರಾತಿನಲ್ಲಿ ಕ್ಯಾರೆನ್ ಲುನೆಲ್ ಮಿಂದದ್ದು ಅಲ್ಲಿ. ಅದನ್ನು ಚಿತ್ರಿಸಿದ ಕೈಲಾಶ್ ಸುರೇಂದ್ರನಾಥ್ ಹದಿಮೂರು ವರ್ಷಗಳ ಮೇಲೆ ‘ಮಿಲೇ ಸುರ್ ಮೇರಾ ತುಮ್ಹಾರಾ’ ಚಿತ್ರಿಸುವಾಗ ಅದೇ ನೀರಿನ ಬಳಿ ನಮ್ಮ ಗದಗಿನ ಭೀಮಸೇನ ಜೋಶಿಯವರನ್ನು ನಿಲ್ಲಿಸಿದರು. ಸೋಪಿನ ನೊರೆ ಹರಿದ ನೀರಿನ ಪಕ್ಕದಲ್ಲೇ ಭೈರವಿ ಮೊದಲಾಯಿತು. 1988ರ ಆಗಸ್ಟ್ 15ರಂದು, ಕೆಂಪುಕೋಟೆಯಿಂದ ಪ್ರಧಾನಿಯ ಭಾಷಣ ಮುಗಿದ ಮೇಲೆ ಅದು ಮೊದಲ ಸಲ ಪ್ರಸಾರವಾಯಿತು. ಹದಿನಾಲ್ಕು ಭಾಷೆಗಳ ಆ ಮಾಲೆಯಲ್ಲಿ ಕನ್ನಡದ ಸಾಲು ಯಾವಾಗ ಬಂದೀತೆಂದು ಕನ್ನಡದ ಮನೆಗಳು ಉಸಿರು ಹಿಡಿದು ಕಾಯುತ್ತಿದ್ದವು. ಸಾಲು ಒಂದೇ, ಬಂದು ಹೋಗುವುದು ಕೆಲವೇ ಕ್ಷಣ. ಆದರೆ ದೆಹಲಿಯಿಂದ ಬರುವ ತೆರೆಯ ಮೇಲೆ ತಮ್ಮ ಮಾತು ಕೇಳಿಸಿದ ಆ ಕ್ಷಣದ ಹಿಗ್ಗು ಚಿಕ್ಕದಾಗಿರಲಿಲ್ಲ. ಜೋಶಿಯವರ ಮಾತೃಭಾಷೆ ಕನ್ನಡ, ಅವರು ಅಲ್ಲಿ ಹಾಡಿದ್ದು ಹಿಂದಿ. ಇದನ್ನು ನೆನೆದು ಸಣ್ಣಗೆ ನೊಂದುಕೊಂಡವರೂ ಇದ್ದರು.

ಮತ್ತೆಮತ್ತೆ ಕಂಡು ಹೀಗೇ ನೆನಪಿನಲ್ಲಿ ಉಳಿದ ಮುಖವೊಂದು ಬ್ರಿಟನ್ನಿನಲ್ಲೂ ಇದೆ. 1967ರಲ್ಲಿ ಬಿ.ಬಿ.ಸಿ. ಬಣ್ಣದ ಪ್ರಸಾರಕ್ಕೆ ಇಳಿದಾಗ ತಂತ್ರಜ್ಞರಿಗೆ ಒಂದು ಪರೀಕ್ಷಾ ಚಿತ್ರ ಬೇಕಾಯಿತು. ಮೈಬಣ್ಣ ಸರಿಯಾಗಿ ಮೂಡುತ್ತದೆಯೇ ಎಂದು ನೋಡಲು ಅದರಲ್ಲಿ ಮನುಷ್ಯರ ಮುಖವಿರಬೇಕು. ಎಂಜಿನಿಯರ್ ಜಾರ್ಜ್ ಹರ್ಸಿ ತಮ್ಮ ಎಂಟು ವರ್ಷದ ಮಗಳು ಕ್ಯಾರೊಲಳನ್ನು ಕರಿಹಲಗೆಯ ಪಕ್ಕ, ಬೊಂಬೆಯೊಂದರ ಜೊತೆ ಕೂರಿಸಿ ಚಿತ್ರ ತೆಗೆದರು. ಹಲಗೆಯ ಮೇಲೆ ಬರೆದ ಗುಣಾಕಾರದ ಗುರುತು ತೆರೆಯ ಸರಿಯಾದ ನಡುಮಧ್ಯವನ್ನು ತೋರಿಸುತ್ತಿತ್ತು. ಕಾರ್ಯಕ್ರಮವಿಲ್ಲದ ಹೊತ್ತಿನಲ್ಲೆಲ್ಲ ಆ ಹುಡುಗಿಯೇ. ಒಟ್ಟು ಸುಮಾರು 70,000 ಗಂಟೆ ತೆರೆಯ ಮೇಲಿದ್ದಳೆಂದು ಲೆಕ್ಕ. ಯಾವ ನಟಿಯೂ, ಯಾವ ಮಂತ್ರಿಯೂ ಅಷ್ಟು ಹೊತ್ತು ಟೀವಿಯಲ್ಲಿ ಕಂಡದ್ದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಟೀವಿಯ ನೆನಪು ಗಟ್ಟಿ ನಿಜ, ಆದರೆ ಅದು ಯಾವಾಗಲೂ ಸತ್ಯವಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಆಕಾಶದಲ್ಲಿ ಸಿಡಿಯಿತು. ಮರುದಿನ ಬೆಳಿಗ್ಗೆಯೇ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಉಲ್ರಿಕ್ ನೈಸರ್ ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನೆಪತ್ರಿಕೆ ಕೊಟ್ಟರು: ಸುದ್ದಿ ನಿಮಗೆ ಮೊದಲು ತಿಳಿದದ್ದು ಹೇಗೆ, ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ? ಎರಡೂವರೆ ವರ್ಷದ ನಂತರ ಅವರಲ್ಲಿ ಸಿಕ್ಕಷ್ಟು ಮಂದಿಗೆ ಅದೇ ಪ್ರಶ್ನೆ ಕೇಳಿದರು. ಸುದ್ದಿಯನ್ನು ಮೊದಲು ಟೀವಿಯಲ್ಲೇ ಕಂಡೆ ಎಂದು ಮರುದಿನ ಬರೆದವರು ನೂರಕ್ಕೆ 21. ಎರಡೂವರೆ ವರ್ಷದ ಮೇಲೆ ಹಾಗೆ ಹೇಳಿದವರು ನೂರಕ್ಕೆ 45. ಗೆಳೆಯನ ಬಾಯಿಂದ, ತರಗತಿಯ ಬಾಗಿಲಲ್ಲಿ ಕೇಳಿದ ಸುದ್ದಿ ಅಷ್ಟರಲ್ಲಿ ಟೀವಿಯಲ್ಲಿ ಕಂಡ ಸುದ್ದಿಯಾಗಿತ್ತು. ತಮ್ಮದೇ ಕೈಬರಹವನ್ನು ಮುಂದಿಟ್ಟರೂ ಅವರ ಹಳೆಯ ನೆನಪು ಮರಳಲಿಲ್ಲ.

ಇನ್ನೊಂದು ಘಟನೆ ನೆದರ್‌ಲ್ಯಾಂಡ್ಸಿನದು. 1992ರ ಅಕ್ಟೋಬರ್ 4ರಂದು ಎಲ್ ಆಲ್ ಸಂಸ್ಥೆಯ ಸರಕು ವಿಮಾನ ಆಮ್‌ಸ್ಟರ್‌ಡ್ಯಾಮಿನ ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಅಪ್ಪಳಿಸಿದ ಕ್ಷಣವನ್ನು ಯಾವ ಕ್ಯಾಮೆರಾವೂ ಸೆರೆಹಿಡಿದಿರಲಿಲ್ಲ. ಆದರೂ ಹತ್ತು ತಿಂಗಳ ಮೇಲೆ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಆ ದೃಶ್ಯವನ್ನು ಟೀವಿಯಲ್ಲಿ ನೋಡಿದ್ದೇವೆ ಎಂದರು. ಇವರು ಸುಳ್ಳುಗಾರರಲ್ಲ. ಉರಿವ ಕಟ್ಟಡದ ಚಿತ್ರ ಕಂಡಿದ್ದರು, ಜನ ಆಡಿದ್ದು ಕೇಳಿದ್ದರು, ನಡುವಿನ ಖಾಲಿ ಜಾಗವನ್ನು ಮನಸ್ಸು ತಾನೇ ಚಿತ್ರ ಬರೆದು ತುಂಬಿಕೊಂಡಿತು. ಸ್ವಾಮಿ ಕನ್ನಡದಲ್ಲೇ ಮಾತಾಡಿದ ಎನ್ನುವ ಹಿರಿಯರನ್ನೂ, ಮಲ್ಲೇಶ್ವರ ಬಸವನಗುಡಿಗಳ ಲೆಕ್ಕ ಹೇಳುವವರನ್ನೂ ಈ ಬೆಳಕಿನಲ್ಲಿ ನೋಡಿದರೆ ಅವರ ಮೇಲೆ ಪ್ರೀತಿಯೇ ಹುಟ್ಟುತ್ತದೆ.

ಕನ್ನಡದ ಕಿರುತೆರೆಗೆ ಮರಳಿದರೆ ಚೂರು ಉಳಿದು ಮೂಲ ಮರೆಯಾದ ಉದಾಹರಣೆಗಳು ಹೆಜ್ಜೆಗೊಂದು. ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಎಂಬ ಹೆಸರುಗಳನ್ನು ಇಂದಿನ ಹುಡುಗರೂ ಬಲ್ಲರು. ಆ ಸಿಹಿಕಹಿ ಎಲ್ಲಿಂದ ಬಂತು ಎಂದರೆ ಅಡುಗೆ ಕಾರ್ಯಕ್ರಮದಿಂದಿರಬೇಕು ಎಂದುಕೊಳ್ಳುವವರಿದ್ದಾರೆ. ಅದು 1980ರ ದಶಕದ ದೂರದರ್ಶನದ ಒಂದು ಕನ್ನಡ ಧಾರಾವಾಹಿಯ ಹೆಸರು. ಅದರಲ್ಲಿ ಜೊತೆಗೆ ನಟಿಸಿದ ಇಬ್ಬರೂ ಮುಂದೆ ಬಾಳಿನಲ್ಲೂ ಜೊತೆಯಾದರು. ಧಾರಾವಾಹಿ ಜನರ ಮನಸ್ಸಿನಿಂದ ಜಾರಿತು, ಹೆಸರು ಇಬ್ಬರ ಹಣೆಯ ಮೇಲೆ ಉಳಿಯಿತು. ನಾಟಕದ ಪಾತ್ರದಿಂದ ಮುಖ್ಯಮಂತ್ರಿ ಚಂದ್ರು ಆದ ಹಾಗೆಯೇ ಇದೂ.

‘ಗುಡ್ಡದ ಭೂತ’ದ ಕತೆ ಇನ್ನೂ ಸ್ವಾರಸ್ಯ. 1990ರ ಆಸುಪಾಸಿನಲ್ಲಿ ಸದಾನಂದ ಸುವರ್ಣ ಕರಾವಳಿಯ ಹಿನ್ನೆಲೆಯಲ್ಲಿ ಮಾಡಿದ ಧಾರಾವಾಹಿ ಅದು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ವನ್ನು ನಿರ್ಮಿಸಿದವರೂ ಸುವರ್ಣರೇ. ಈ ಧಾರಾವಾಹಿಯ ನಾಯಕ, ಆಗಿನ್ನೂ ಹೆಸರು ಮಾಡಿರದ ಪ್ರಕಾಶ್ ರೈ. ರಾತ್ರಿ ಹೊತ್ತು ಅದನ್ನು ನೋಡಿ, ಆಮೇಲೆ ಅಂಗಳಕ್ಕಿಳಿಯಲು ಹೆದರಿದ ಮಕ್ಕಳು ಆ ಕಾಲದಲ್ಲಿ ಎಲ್ಲ ಮನೆಯಲ್ಲೂ ಇದ್ದರು. ಹೆದರಿಸಿದ್ದು ಭೂತವೂ ಹೌದು, ಅದಕ್ಕಿಂತ ಹೆಚ್ಚಾಗಿ ಶೀರ್ಷಿಕೆಯಲ್ಲಿ ಬರುತ್ತಿದ್ದ ತುಳುನಾಡಿನ ಪಾಡ್ದನದ ಧಾಟಿಯ ‘ಡೆನ್ನಾನ’. ಕಾಲು ಶತಮಾನದ ಮೇಲೆ, 2015ರಲ್ಲಿ, ಅನೂಪ್ ಭಂಡಾರಿಯವರ ‘ರಂಗಿತರಂಗ’ ಚಿತ್ರದಲ್ಲಿ ಆ ಡೆನ್ನಾನ ಮತ್ತೆ ಕೇಳಿಬಂದಾಗ ಚಿತ್ರಮಂದಿರದಲ್ಲಿ ಕೂತ ನಡುವಯಸ್ಸಿನವರು ಥಟ್ಟನೆ ನೆಟ್ಟಗಾದರು. ಪಕ್ಕದಲ್ಲಿದ್ದ ಮಕ್ಕಳಿಗೆ ಅದು ಹೊಸ ಹಾಡು. ದೊಡ್ಡವರಿಗೆ ಹಳೆಯ ಅಂಗಳದ ಕತ್ತಲೆ. ಸುವರ್ಣರು 2024ರಲ್ಲಿ ತೀರಿಕೊಂಡರು.

ವೈಶಾಲಿ ಕಾಸರವಳ್ಳಿಯವರನ್ನು ಮತ್ತೊಮ್ಮೆ ನೆನೆಯದೆ ಮುಂದೆ ಹೋಗಬಾರದು. ಸ್ವಾಮಿಯ ಅಮ್ಮನಾಗಿ ತೆರೆಗೆ ಬಂದವರು ಮುಂದೆ ‘ಮೂಡಲ ಮನೆ’ ನಿರ್ದೇಶಿಸಿ, ಉತ್ತರ ಕರ್ನಾಟಕದ ಮನೆಮಾತಿಗೆ ಕಿರುತೆರೆಯಲ್ಲಿ ಗೌರವದ ಜಾಗ ಕೊಟ್ಟರು. ಅದುವರೆಗೆ ಧಾರವಾಡದ ಮಾತು ಬಹುಮಟ್ಟಿಗೆ ನಗಿಸುವ ಪಾತ್ರಗಳಿಗೆ ಮೀಸಲಾಗಿತ್ತು. ಕನ್ನಡ ಟೀವಿಯ ಚರಿತ್ರೆಯಲ್ಲಿ ಇದು ದೊಡ್ಡ ಕೆಲಸವೆಂದೇ ಹೇಳಬೇಕು.

ಸಣ್ಣ ಸಂಗತಿಗಳನ್ನೇ ಬಾಳಿನ ಕೆಲಸ ಮಾಡಿಕೊಂಡ ಕಾರ್ಯಕ್ರಮಗಳೂ ಇವೆ. ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ನಡೆಸಿಕೊಟ್ಟ ‘ಸುರಭಿ’ ವಾರವಾರ ಒಂದು ಪ್ರಶ್ನೆ ಕೇಳುತ್ತಿತ್ತು. ಉತ್ತರ ಬರೆದ ಹದಿನೈದು ಪೈಸೆಯ ಅಂಚೆಕಾರ್ಡುಗಳು ಲಾರಿಗಟ್ಟಲೆ ಬಂದು, ಒಂದು ವಾರವಂತೂ ಹದಿನಾಲ್ಕು ಲಕ್ಷ ದಾಟಿದವು. ಕೊನೆಗೆ ಅಂಚೆ ಇಲಾಖೆ ಸ್ಪರ್ಧೆಗಳಿಗೆಂದೇ ಎರಡು ರೂಪಾಯಿಯ ಬೇರೆ ಕಾರ್ಡನ್ನು ತರಬೇಕಾಯಿತು. ಕನ್ನಡದಲ್ಲಿ ಆ ಸಾಲಿನ ಹಿರಿಯಣ್ಣ ಚಂದನದ ‘ಥಟ್ ಅಂತ ಹೇಳಿ’. 2002ರಿಂದ ಡಾ. ನಾ. ಸೋಮೇಶ್ವರ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಕಂತುಗಳು ಸಾವಿರಗಳ ಲೆಕ್ಕದಲ್ಲಿವೆ. ಗೆದ್ದವರಿಗೆ ಕೊಡುವುದು ಪುಸ್ತಕ. ಕೋಟಿ ರೂಪಾಯಿಯ ಆಸೆ ತೋರಿಸುವ ಆಟಗಳ ನಡುವೆ ಪುಸ್ತಕವನ್ನೇ ಬಹುಮಾನವಾಗಿ ಉಳಿಸಿಕೊಂಡು ಇಷ್ಟು ವರ್ಷ ನಡೆದದ್ದು ಕನ್ನಡ ಹೆಮ್ಮೆಪಡಬೇಕಾದ ಸಂಗತಿ.

ಕಣ್ಣಾರೆ ಕಂಡದ್ದೂ ಕಳೆದುಹೋಗುತ್ತದೆ ಎಂಬುದಕ್ಕೆ ಬಿ.ಬಿ.ಸಿ.ಯೇ ಸಾಕ್ಷಿ. 1960ರ ದಶಕದಲ್ಲಿ ವಿಡಿಯೋ ಟೇಪು ದುಬಾರಿಯಾದ್ದರಿಂದ ಒಂದು ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೇ ಇನ್ನೊಂದನ್ನು ಮುದ್ರಿಸುತ್ತಿದ್ದರು. ಹೀಗೆ ‘ಡಾಕ್ಟರ್ ಹೂ’ ಧಾರಾವಾಹಿಯ ನೂರರ ಆಸುಪಾಸಿನ ಕಂತುಗಳ ಚಿತ್ರ ಮಾಯವಾಯಿತು. ಆದರೆ ಅಷ್ಟೂ ಕಂತುಗಳ ದನಿ ಇವತ್ತಿಗೂ ಇದೆ. ಉಳಿಸಿದವರು ಮನೆಯಲ್ಲಿ ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಡುಗರು. ಮಾನವ ಚಂದ್ರನ ಮೇಲೆ ಮೊದಲು ಕಾಲಿಟ್ಟ ದೃಶ್ಯದ ಮೂಲ ಟೇಪುಗಳೂ ಮರುಬಳಕೆಗಾಗಿ ಅಳಿಸಿಹೋಗಿರಬೇಕೆಂದು 2009ರಲ್ಲಿ ನಾಸಾ ಒಪ್ಪಿಕೊಂಡಿತು. ಅಂಥದ್ದಕ್ಕೇ ಈ ಗತಿ ಬಂದಿರುವಾಗ ಕನ್ನಡದ ಹದಿಮೂರು ಕಂತಿನ ಧಾರಾವಾಹಿಗಳನ್ನು ಯಾರು ಕಾದಾರು?

ನಮ್ಮ ಮಲೆನಾಡು, ಕರಾವಳಿಯ ತೇವಕ್ಕೆ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ. ಅವನ್ನು ಓಡಿಸುವ ಯಂತ್ರವೂ ಈಗ ಅಪರೂಪ: ಮನೆಬಳಕೆಯ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೆಲಸ ನಿಲ್ಲಿಸಿತು. ಆದ್ದರಿಂದ ಕೇಳುಗರಲ್ಲಿ ಒಂದು ಬಿನ್ನಹ. ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಮೊದಲು ಅದರಲ್ಲಿ ಏನಿದೆ ಎಂದು ನೋಡಿಸಿ, ಡಿಜಿಟಲ್ ಪ್ರತಿ ಮಾಡಿಸಿ. ದೂರದರ್ಶನದ ಬೆಂಗಳೂರು, ಕಲಬುರಗಿ ಕೇಂದ್ರಗಳ ಕಾರ್ಯಕ್ರಮಗಳಲ್ಲಿ ನಟಿಸಿದವರು, ಹಾಡಿದವರು, ಬೆಳಕು ಹಿಡಿದವರು, ಫಲಕ ಬರೆದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಈ ಭಾನುವಾರ ಅವರ ಮುಂದೆ ಕೂತು ಕೇಳಿ. ವರ್ಷ, ಊರು, ಕಾರ್ಯಕ್ರಮದ ಹೆಸರು, ಜೊತೆಗಿದ್ದವರ ಹೆಸರು, ಇಷ್ಟನ್ನು ಅವರ ಬಾಯಿಂದಲೇ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.